ಆಫ್ರಿಕಾದ ಸವನ್ನಾ ಚಿಟ್ಟೆಯೊಂದು ಒಣಗಾಲವನ್ನು ಕಳೆಯುವುದು ಹೇಗೆ? ನಮ್ಮ ಭಾಗಕ್ಕೂ ಆ ಲೆಕ್ಕ ಹೊಂದುತ್ತದೆಯೇ?

ಆನೆಗೊಂದಿ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಸಲದ ಗೋಡೆ ಪತ್ರಿಕೆಗೆ ಮಕ್ಕಳು ಆಫ್ರಿಕಾದ ಹುಲ್ಲುಗಾಡನ್ನು ಆರಿಸಿಕೊಂಡಿದ್ದಾರೆ. ಸಿಂಹ, ಆನೆ, ಜಿರಾಫೆಗಳನ್ನು ಹುಡುಗರು ಮೊದಲೇ ಹಂಚಿಕೊಂಡುಬಿಟ್ಟರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಚಿಟ್ಟೆಯೇ ಬೇಕೆಂದು ಪಟ್ಟು ಹಿಡಿದು, ಬೈಸೈಕ್ಲಸ್ ಅನಿನಾನಾ ಎಂಬ ಕಂದು ಬಣ್ಣದ ಸಣ್ಣ ಚಿಟ್ಟೆಯೊಂದನ್ನು ಹುಡುಕಿ ತಂದಿದ್ದಾಳೆ. ಅದರ ಬಗ್ಗೆ ಅವಳಿಗೆ ಸಿಕ್ಕಿರುವುದು ಇಷ್ಟೇ: ಮಳೆಗಾಲದಲ್ಲಿ ಅದರ ರೆಕ್ಕೆಯ ಮೇಲೆ ಕಣ್ಣಿನಂಥ ದೊಡ್ಡ ಚುಕ್ಕೆಗಳಿರುತ್ತವೆ, ಒಣಗಾಲದಲ್ಲಿ ಅವು ಇರುವುದಿಲ್ಲ.

ಅವಳ ಪ್ರಶ್ನೆಗಳು ಎರಡು. ಒಂದೇ ಚಿಟ್ಟೆ ಕಾಲಕ್ಕೆ ತಕ್ಕಂತೆ ಚುಕ್ಕೆಗಳನ್ನು ಅಳಿಸಿಕೊಳ್ಳುತ್ತದೆಯೇ, ಇಲ್ಲವೇ ಅದು ಬೇರೆ ಪೀಳಿಗೆಯೇ? ಅರ್ಧ ವರ್ಷ ಹುಲ್ಲೆಲ್ಲ ಒಣಗಿ ನಿಂತಾಗ ಅದರ ಮರಿಹುಳುಗಳು ಏನು ತಿನ್ನುತ್ತವೆ? ಇವಕ್ಕೆ ನನ್ನದೂ ಒಂದನ್ನು ಸೇರಿಸುತ್ತೇನೆ. ರೆಕ್ಕೆಯ ವಿನ್ಯಾಸವೆಲ್ಲ ಕೋಶದೊಳಗೇ ಮುಗಿದುಹೋಗುವುದಾದರೆ, ಹೊರಗೆ ಬಂದಾಗ ಯಾವ ಕಾಲ ಇರುತ್ತದೆಂಬುದು ಹುಳುವಿಗೆ ಮುಂಚಿತವಾಗಿ ತಿಳಿಯುವುದಾದರೂ ಹೇಗೆ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ. ಮಕ್ಕಳಿಗೆ ನಾನೇ ಬಿಡಿಸಿ ಹೇಳುತ್ತೇನೆ.

ಕೊಪ್ಪಳದವನು

ಸರ್, ಕಣ್ಣಿನಂಥ ಚುಕ್ಕೆ ಇರುವುದು ಹಕ್ಕಿಗಳನ್ನು ಹೆದರಿಸುವುದಕ್ಕೆ. ಗೂಬೆಯ ಕಣ್ಣೆಂದು ತಿಳಿದು ಹಕ್ಕಿ ಹಾರಿಹೋಗುತ್ತದೆ. ಒಣಗಾಲದಲ್ಲಿ ಹಕ್ಕಿಗಳು ನೀರಿರುವ ಕಡೆಗೆ ವಲಸೆ ಹೋಗುವುದರಿಂದ ಚುಕ್ಕೆಯ ಅಗತ್ಯ ಬೀಳುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ಬಳ್ಳಾರಿ ಸಂಶೋಧಕಿ

ಗುರುಗಳೇ, ನಿಮ್ಮ ವಿದ್ಯಾರ್ಥಿನಿ ಸಿಂಹ ಬಿಟ್ಟು ಇದನ್ನು ಆರಿಸಿದ್ದು ನನಗೆ ಬಹಳ ಸಂತೋಷ ತಂದಿತು. ನಾನು ಬಳ್ಳಾರಿಯವಳು, ಕೀಟಗಳ ಬೆಳವಣಿಗೆಯ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದೇನೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಮೊದಲು ಮೇಲಿನ ಮಾತಿನ ಬಗ್ಗೆ. ದೊಡ್ಡ ಕಣ್ಣುಚುಕ್ಕೆಗಳಿಂದ ಹಕ್ಕಿಯನ್ನು ಬೆಚ್ಚಿಬೀಳಿಸುವ ಚಿಟ್ಟೆ, ಪತಂಗಗಳು ಇರುವುದು ನಿಜ. ಈ ಚಿಟ್ಟೆ ಆ ಸಾಲಿಗೆ ಸೇರಿದ್ದಲ್ಲ. ಇದರ ಚುಕ್ಕೆಗಳು ಸಣ್ಣವು, ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಇರುತ್ತವೆ. ನಡುವೆ ಬಿಳಿಯ ಬಿಂದು, ಸುತ್ತ ಕಪ್ಪು ವೃತ್ತ, ಅದರ ಹೊರಗೆ ಹೊಂಬಣ್ಣದ ಉಂಗುರ. ಹಿಂರೆಕ್ಕೆಯ ಅಡಿಭಾಗದಲ್ಲಿ ಇಂಥ ಏಳು ಚುಕ್ಕೆಗಳಿವೆ. ಮಳೆಗಾಲದ ಹಸಿರಿನಲ್ಲಿ ಕಂದು ಬಣ್ಣದ ಚಿಟ್ಟೆ ಹೇಗೂ ಎದ್ದು ಕಾಣುತ್ತದೆ, ಅಡಗುವ ಮಾತು ದೂರವೇ ಉಳಿಯಿತು. ಆಗ ಮುಖ್ಯ ಶತ್ರುಗಳಲ್ಲಿ ಒಂದಾದ ಸೂರ್ಯನ ಕುದುರೆಯಂಥ ಬೇಟೆಗಾರ ಕೀಟ ಎದ್ದು ಕಾಣುವ ಚುಕ್ಕೆಗೇ ಮುಂಗಾಲು ಹಾಕುತ್ತದೆ. ರೆಕ್ಕೆಯ ಅಂಚು ಹರಿದುಹೋಗುತ್ತದೆ, ತಲೆ ಮತ್ತು ಮೈ ಉಳಿಯುತ್ತವೆ, ಚಿಟ್ಟೆ ಹಾರಿಹೋಗಿ ಮೊಟ್ಟೆ ಇಡುತ್ತದೆ. ಹೆದರಿಸುವುದಕ್ಕಿಂತ ಏಟನ್ನು ಬೇರೆಡೆ ತಿರುಗಿಸುವುದೇ ಆ ಚುಕ್ಕೆಗಳ ಕೆಲಸ. ಒಣಗಾಲದಲ್ಲಿ ಹಕ್ಕಿಗಳೆಲ್ಲ ಹೊರಟುಹೋಗುತ್ತವೆ ಎಂಬುದಂತೂ ತೀರಾ ತಿರುಗುಮುರುಗು. ಚಿಟ್ಟೆ ನೆಲದ ಮೇಲಿನ ಒಣ ಎಲೆಗಳ ನಡುವೆ ರೆಕ್ಕೆ ಮಡಚಿ ಕೂತಿರುವ ಆ ತಿಂಗಳುಗಳಲ್ಲಿ, ಕಣ್ಣಿನಿಂದ ಹುಡುಕಿ ಹಿಡಿಯುವ ಹಕ್ಕಿಗಳೇ ಅದಕ್ಕೆ ದೊಡ್ಡ ಅಪಾಯ. ಆಗ ಒಂದೇ ಒಂದು ಹೊಳೆಯುವ ಬಿಂದು ಇದ್ದರೂ ಅದು ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದಲೇ ಒಣಗಾಲದ ಪೀಳಿಗೆಯಲ್ಲಿ ಚುಕ್ಕೆಗಳು ಕುಗ್ಗಿ ಇಲ್ಲವೆನ್ನುವಷ್ಟು ಸಣ್ಣವಾಗುತ್ತವೆ, ರೆಕ್ಕೆ ಒಣ ಎಲೆಯ ಬಣ್ಣಕ್ಕೆ ತಿರುಗುತ್ತದೆ.

ಪೀಳಿಗೆ ಎಂಬ ಮಾತಿನಲ್ಲೇ ನಿಮ್ಮ ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೆ ಉತ್ತರವಿದೆ. ಕೋಶದಿಂದ ಹೊರಬಂದ ಮೇಲೆ ಯಾವ ಚಿಟ್ಟೆಯೂ ರೆಕ್ಕೆಯ ಚಿತ್ತಾರವನ್ನು ಬದಲಾಯಿಸಲಾರದು. ಚುಕ್ಕೆಯುಳ್ಳ ತಾಯಿ ಇಟ್ಟ ಮೊಟ್ಟೆಗಳಿಂದಲೇ ಚುಕ್ಕೆಯಿಲ್ಲದ ಮಕ್ಕಳು ಹುಟ್ಟುತ್ತವೆ. ವಂಶವಾಹಿಗಳು ಎರಡರಲ್ಲೂ ಒಂದೇ, ಬೆಳೆದ ವಾತಾವರಣ ಬೇರೆ.

ಇನ್ನು ನೀವು ಕೇಳಿದ ಪ್ರಶ್ನೆ. ಮಲಾವಿ ದೇಶವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಪಾಲ್ ಬ್ರೇಕ್‌ಫೀಲ್ಡ್ ಎಂಬ ವಿಜ್ಞಾನಿ 1988ರಲ್ಲಿ ಅಲ್ಲಿಂದ ಮೊಟ್ಟೆ ಹೊತ್ತ ಹೆಣ್ಣು ಚಿಟ್ಟೆಗಳನ್ನು ನೆದರ್‌ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯಕ್ಕೆ ತಂದು ಸಾಕತೊಡಗಿದರು. ಇಂದು ಹಲವು ದೇಶಗಳ ಪ್ರಯೋಗಾಲಯಗಳಲ್ಲಿರುವ ಬೈಸೈಕ್ಲಸ್ ಅನಿನಾನಾ ಆ ಸಂತತಿಯವೇ. ಮಲಾವಿಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ. ಅದು ಬೆಚ್ಚಗಿನ ಕಾಲವೂ ಹೌದು. ಮಳೆ ಹಿಂದೆಗೆಯುವ ಹೊತ್ತಿಗೆ ಚಳಿ ಶುರುವಾಗುತ್ತದೆ, ಜೂನ್ ಮತ್ತು ಜುಲೈ ಅಲ್ಲಿ ಅತಿ ತಂಪಿನ ತಿಂಗಳುಗಳು. ಈಗ ಒಂದು ಮರಿಹುಳುವಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಅದು ಕೂತಿರುವ ಹುಲ್ಲು ಇನ್ನೂ ಹಸಿರಾಗಿದೆ, ನೆಲದಲ್ಲಿ ಪಸೆ ಇದೆ, ಬರಗಾಲದ ಕುರುಹೇ ಇಲ್ಲ. ಆದರೆ ರಾತ್ರಿಗಳು ತಣ್ಣಗಾಗುತ್ತಿವೆ. ಆ ತಂಪೇ ಹುಳುವಿಗೆ ಮುನ್ಸೂಚನೆ. ಬರ ಬಂದ ಮೇಲೆ ಎಚ್ಚರಗೊಂಡರೆ ಹೊತ್ತು ಮೀರಿರುತ್ತದೆ. ಬರಕ್ಕೆ ಮುಂಚೆ ತಪ್ಪದೆ ಬರುವ ಬೇರೊಂದು ಗುರುತನ್ನು ಹಿಡಿದುಕೊಂಡೇ ಅದು ನಿರ್ಧರಿಸಬೇಕು. ರೈತ ಆರಿದ್ರಾ ಮಳೆಯ ವರಸೆ ನೋಡಿ ಬಿತ್ತನೆಯ ಲೆಕ್ಕ ಹಾಕುವ ಹಾಗೆ.

ಪ್ರಯೋಗಾಲಯದಲ್ಲಿ ಇದನ್ನು ತೋರಿಸುವುದು ಬಹಳ ಸುಲಭ. ಒಂದೇ ತಾಯಿಯ ಮೊಟ್ಟೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು 27 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಇನ್ನೊಂದನ್ನು 20 ಡಿಗ್ರಿಗಿಂತ ಕೆಳಗೆ ಬೆಳೆಸಿದರೆ ಮೊದಲನೆಯವು ಮಳೆಗಾಲದ ವೇಷದಲ್ಲಿ, ಎರಡನೆಯವು ಒಣಗಾಲದ ವೇಷದಲ್ಲಿ ಹೊರಬರುತ್ತವೆ. ಆಹಾರ ಎರಡಕ್ಕೂ ಒಂದೇ, ಮೆಕ್ಕೆಜೋಳದ ಎಳೆಯ ಗಿಡಗಳು. ಹುಳು ಪೂರ್ತಿ ಬೆಳೆದು ತಿನ್ನುವುದನ್ನು ನಿಲ್ಲಿಸಿ, ನೇತಾಡಲು ಜಾಗ ಹುಡುಕಿಕೊಂಡು ಅಲೆಯುವ ಘಟ್ಟವೊಂದಿದೆ. ಆ ಘಟ್ಟದಲ್ಲಿ ಶಾಖ ಹೆಚ್ಚಿದ್ದರೆ ಎಕ್ಡೈಸೋನ್ ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ. ಮುಂದೆ ರೆಕ್ಕೆಯಾಗಲಿರುವ ಸಣ್ಣ ಪದರದಲ್ಲಿ ಚುಕ್ಕೆಯ ನಡುವಿಗೆ ಸೇರುವ ಜೀವಕೋಶಗಳು ಆ ಹಾರ್ಮೋನನ್ನು ಗ್ರಹಿಸಿ, ಚುಕ್ಕೆ ದೊಡ್ಡದಾಗುತ್ತದೆ. ತಂಪಿನಲ್ಲಿ ಅದು ಅಷ್ಟು ಏರುವುದಿಲ್ಲ, ಚುಕ್ಕೆ ಬೆಳೆಯುವುದಿಲ್ಲ. ಎಕ್ಡೈಸೋನ್ ಹೊಸದಾಗಿ ಹುಟ್ಟಿದ ವಸ್ತುವೇನೂ ಅಲ್ಲ. ಎಲ್ಲ ಕೀಟಗಳಲ್ಲಿ ಪೊರೆ ಕಳಚಿಸುವುದೂ ಅದೇ. ಇದ್ದ ಸಾಮಾನಿನಲ್ಲೇ ಹೊಸ ಕೆಲಸ ಮಾಡಿಸಿಕೊಂಡಿರುವುದು ಇಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ.

ಬದಲಾಗುವುದು ರೆಕ್ಕೆಯೊಂದೇ ಅಲ್ಲ. 27 ಡಿಗ್ರಿಯಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗಲು ತಿಂಗಳೊಂದು ಸಾಕು, ತಂಪಿನಲ್ಲಿ ಅದರ ಎರಡು ಪಟ್ಟು ಹಿಡಿಯುತ್ತದೆ. ನಿಧಾನವಾಗಿ ಬೆಳೆದ ಹುಳು ಹೆಚ್ಚು ಕೊಬ್ಬನ್ನು ಕೂಡಿಟ್ಟುಕೊಂಡು ಹೊರಬರುತ್ತದೆ. ಮಳೆಗಾಲದ ಹೆಣ್ಣು ಹುಟ್ಟಿದ ಕೆಲವೇ ದಿನಗಳಲ್ಲಿ ಮೊಟ್ಟೆ ಇಡತೊಡಗಿ, ವಾರಗಳಲ್ಲಿ ಆಯುಸ್ಸು ಮುಗಿಸುತ್ತದೆ. ಒಣಗಾಲದ ಹೆಣ್ಣು ಮೊಟ್ಟೆಯನ್ನೇ ಮುಂದೂಡಿ ತಿಂಗಳುಗಟ್ಟಲೆ ಬದುಕುತ್ತದೆ. ಇದು ನಿಮ್ಮ ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆಗೂ ಉತ್ತರ. ಒಣಗಾಲದಲ್ಲಿ ಮರಿಹುಳುಗಳು ಏನನ್ನೂ ತಿನ್ನಬೇಕಾಗಿಲ್ಲ, ಏಕೆಂದರೆ ಆಗ ಮರಿಹುಳುಗಳೇ ಇರುವುದಿಲ್ಲ. ಬೇರೆ ಎಷ್ಟೋ ಕೀಟಗಳು ಮೊಟ್ಟೆಯಾಗಿಯೋ ಕೋಶವಾಗಿಯೋ ನಿದ್ದೆ ಮಾಡಿ ಕಳೆಯುವ ಕಾಲವನ್ನು ಇದು ರೆಕ್ಕೆ ಬಂದ ಚಿಟ್ಟೆಯಾಗಿಯೇ, ಬಿದ್ದ ಹಣ್ಣಿನ ರಸ ಕುಡಿಯುತ್ತ ಕಳೆಯುತ್ತದೆ.

ಗೋಡೆ ಪತ್ರಿಕೆಯಲ್ಲಿ ಜಾಗವಿದ್ದರೆ ಇದನ್ನೂ ಸೇರಿಸಿ. ಮಳೆಗಾಲದ ಪೀಳಿಗೆಯಲ್ಲಿ ಗಂಡು ಹೆಣ್ಣನ್ನು ಓಲೈಸುತ್ತದೆ, ತಂಪಿನಲ್ಲಿ ಬೆಳೆದ ಪೀಳಿಗೆಯಲ್ಲಿ ಹೆಣ್ಣೇ ಗಂಡನ್ನು ಓಲೈಸುತ್ತದೆ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೂಡುವಾಗ ಗಂಡಿನಿಂದ ಬರುವ ಪೋಷಕಾಂಶ ಹೆಣ್ಣಿನ ಆಯುಸ್ಸನ್ನು ಹೆಚ್ಚಿಸುತ್ತದೆ. ಬರದ ಕಾಲದಲ್ಲಿ ಅದಕ್ಕೆ ಬೆಲೆ ಹೆಚ್ಚು.

ಸಂಡೂರಿನ ಗಣಿ ಎಂಜಿನಿಯರ್

ಮೇಡಂ ಬರೆದದ್ದು ಪ್ರಯೋಗಾಲಯದ ಒಳಗಿನ ವಿಷಯ. ಆ ಚಿಟ್ಟೆ ಇರುವ ನೆಲದ ಬಗ್ಗೆ ನಾನು ಸ್ವಲ್ಪ ಹೇಳಬಲ್ಲೆ. ಸಂಡೂರಿನ ಗಣಿಯಲ್ಲಿ ಕೆಲಸ ಮಾಡಿ, ಅನಂತರ ಜಾಂಬಿಯಾ ದೇಶದ ತಾಮ್ರದ ಗಣಿಗಳ ಪ್ರದೇಶದಲ್ಲಿ ಕೆಲವು ವರ್ಷ ಇದ್ದು ಬಂದವನು ನಾನು. ಸವನ್ನಾ ಎಂದರೆ ನಮ್ಮ ಮಕ್ಕಳ ಮನಸ್ಸಿಗೆ ಬರುವುದು ಟಿ.ವಿ.ಯಲ್ಲಿ ಕಾಣುವ ಸೆರೆಂಗೆಟಿಯ ಬಟ್ಟಬಯಲು ಮತ್ತು ನಡುವೆ ಒಂದು ಜಾಲಿ ಮರ. ಈ ಚಿಟ್ಟೆಯ ಸವನ್ನಾ ಹಾಗಿಲ್ಲ. ಮಲಾವಿ, ಜಾಂಬಿಯಾ, ತಾಂಜಾನಿಯಾಗಳ ಬಹುಭಾಗವನ್ನು ಆವರಿಸಿರುವುದು ಮಿಯೊಂಬೊ ಎಂಬ ಮರಗಾಡು. ಬ್ರಾಕಿಸ್ಟೀಜಿಯಾ, ಜುಲ್ಬರ್ನಾರ್ಡಿಯಾ ಕುಲದ ಮರಗಳು ಅಲ್ಲಿ ಬಿಡಿಬಿಡಿಯಾಗಿ ನಿಂತಿರುತ್ತವೆ. ನೆತ್ತಿಗಳು ಪೂರ್ತಿ ಕೂಡಿಕೊಳ್ಳದೆ ಇರುವುದರಿಂದ ನೆಲದವರೆಗೆ ಬಿಸಿಲು ಬೀಳುತ್ತದೆ, ಆದ್ದರಿಂದ ಮರಗಳ ಕೆಳಗೆಲ್ಲ ಹುಲ್ಲು. ಈ ಕಂದು ಚಿಟ್ಟೆಗಳು ಬಯಲಿಗೆ ಬರುವುದು ಕಡಿಮೆ. ಮರದ ನೆರಳು, ಪೊದೆಯ ಬುಡ, ಹಳ್ಳದ ಅಂಚು, ಕಾಡು ಮುಗಿದು ಹುಲ್ಲು ಶುರುವಾಗುವ ಗೆರೆ ಇವೇ ಅವುಗಳ ತಾಣ. ಮೊಣಕಾಲೆತ್ತರಕ್ಕಿಂತ ಮೇಲೆ ಹಾರುವುದನ್ನು ನಾನು ಕಂಡದ್ದು ಅಪರೂಪ.

ಮಳೆಗಾಲದಲ್ಲಿ ಅಲ್ಲಿನ ಹುಲ್ಲು ಆಳೆತ್ತರ ಬೆಳೆಯುತ್ತದೆ. ಒಣಗಾಲದಲ್ಲಿ ಮರಗಳು ಎಲೆ ಉದುರಿಸುತ್ತವೆ, ಬಿದ್ದ ಎಲೆಗಳು ನೆಲವನ್ನೆಲ್ಲ ಮುಚ್ಚುತ್ತವೆ. ಆ ಎಲೆಗಳ ಮೇಲೆ ಕಾಲಿಟ್ಟಾಗ ಎರಡು ಹೆಜ್ಜೆ ಮುಂದೆ ಎಲೆಯೊಂದು ಎದ್ದು, ಒಂದು ಗಜ ಹಾರಿ, ಮತ್ತೆ ಎಲೆಯಾಗಿ ಕೂರುತ್ತದೆ. ಎಲ್ಲಿ ಕೂತಿತೆಂದು ಕಣ್ಣಿಟ್ಟು ನೋಡುತ್ತಿದ್ದರೂ ಸಿಕ್ಕುವುದಿಲ್ಲ. ನಾನು ಕಂಡವೆಲ್ಲ ಬೈಸೈಕ್ಲಸ್ ಅನಿನಾನಾ ಎಂದು ನಾನು ಹೇಳುವುದಿಲ್ಲ. ಆ ಕುಲದಲ್ಲಿ ನೂರರ ಸುಮಾರು ಜಾತಿಗಳಿವೆ, ಹೆಚ್ಚಿನವು ದಟ್ಟ ಕಾಡಿನವು, ಕೆಲವು ಮಾತ್ರ ಇಂಥ ತೆರೆದ ಮರಗಾಡಿಗೆ ಒಗ್ಗಿಕೊಂಡಿವೆ.

ಇನ್ನೊಂದು ವಿಷಯ ಬೆಂಕಿ. ಜುಲೈ ದಾಟಿತೆಂದರೆ ಆ ಕಡೆ ಕಾಡಿಗೆ ಬೆಂಕಿ ಬೀಳುವುದು ವಾಡಿಕೆ. ಹೊಲ ಹಸನು ಮಾಡಲು, ಬೇಟೆಗೆ, ಮೇವು ಚಿಗುರಲಿ ಎಂದು, ನಾನಾ ಕಾರಣಕ್ಕೆ ಹಚ್ಚುತ್ತಾರೆ. ಹುಲ್ಲು ಸುಟ್ಟ ಜಾಗದಲ್ಲಿ ಕಂದು ವೇಷದಿಂದ ಏನೂ ಪ್ರಯೋಜನವಿಲ್ಲ. ಹಳ್ಳದ ದಂಡೆಗೆ ಹಸಿರು ಉಳಿದುಕೊಂಡಿರುತ್ತದೆ, ಅಲ್ಲಿ ಅತ್ತಿಯ ಜಾತಿಯ ಮರಗಳೂ ಇರುತ್ತವೆ. ಹಣ್ಣು ಬಿದ್ದು ಕೊಳೆತು ಹುಳಿ ವಾಸನೆ ಬರುತ್ತಿದ್ದರೆ ಅದರ ಸುತ್ತ ಈ ಚಿಟ್ಟೆಗಳನ್ನು ನೋಡಬಹುದಿತ್ತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಇನ್ನೂ ಒಂದು ಹನಿ ಬೀಳುವ ಮುಂಚೆಯೇ, ಮಿಯೊಂಬೊ ಮರಗಳು ಕೆಂಪು ಚಿಗುರು ಬಿಡುತ್ತವೆ. ಹೊರನಾಡಿನವರು ಅದನ್ನು ಹೂವೆಂದೇ ತಿಳಿಯುತ್ತಾರೆ. ಹುಲ್ಲು ಮಾತ್ರ ಮಳೆಗೇ ಕಾಯುತ್ತದೆ, ಹುಲ್ಲಿನ ಮೇಲೆ ಮೊಟ್ಟೆ ಇಡಬೇಕಾದ ಚಿಟ್ಟೆಯೂ ಕಾಯುತ್ತದೆ.

ಆನೆಗೊಂದಿ ಮೇಷ್ಟ್ರು

ಇಬ್ಬರಿಗೂ ಅನಂತ ವಂದನೆಗಳು. ಇವತ್ತು ತರಗತಿಯಲ್ಲಿ ಇದನ್ನು ಹೇಳಿದೆ. ಅದೇ ಹುಡುಗಿ ತಕ್ಷಣ ಒಂದು ಆಕ್ಷೇಪ ಎತ್ತಿದಳು, ಅದು ನನಗೂ ಸರಿಯೆನಿಸಿತು. ಶಾಖ ಹೆಚ್ಚಿದ್ದರೆ ಮಳೆಗಾಲದ ವೇಷ, ಕಡಿಮೆಯಿದ್ದರೆ ಒಣಗಾಲದ ವೇಷ ಎಂದಿರಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಅತಿ ಹೆಚ್ಚು ಶಾಖ ಇರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಆಗ ಮಳೆ ತೀರಾ ಕಡಿಮೆ. ಹಾಗಾದರೆ ಇಂಥ ಚಿಟ್ಟೆ ನಮ್ಮಲ್ಲಿದ್ದರೆ ಸುಡುಬೇಸಿಗೆಯಲ್ಲಿ ಮಳೆಗಾಲದ ಅಂಗಿ ತೊಟ್ಟು ಹೊರಬಂದು ಹಕ್ಕಿಯ ಬಾಯಿಗೆ ಬೀಳುವುದಿಲ್ಲವೇ?

ಬಳ್ಳಾರಿ ಸಂಶೋಧಕಿ

ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ. ಆಕ್ಷೇಪ ಗಟ್ಟಿಯಾಗಿದೆ, ಆದರೂ ಅದಕ್ಕೆ ಉತ್ತರವಿದೆ.

ಮಲಾವಿಯಲ್ಲೂ ಮಳೆಗೆ ಮುಂಚಿನ ಅಕ್ಟೋಬರ್ ತಿಂಗಳು ಬಿಸಿಯಾಗಿಯೂ ಒಣಗಿಯೂ ಇರುತ್ತದೆ. ಆಗ ಏಕೆ ಮೋಸವಾಗುವುದಿಲ್ಲವೆಂದರೆ, ಆಗ ಹಸಿರು ಹುಲ್ಲಿಲ್ಲ, ಹುಲ್ಲಿಲ್ಲದೆ ಮರಿಹುಳುವಿಲ್ಲ, ಮರಿಹುಳುವಿಲ್ಲದೆ ತಪ್ಪು ನಿರ್ಧಾರ ಮಾಡುವವರೇ ಇಲ್ಲ. ವರ್ಷದ ಹನ್ನೆರಡು ತಿಂಗಳೂ ಶಾಖ ಮತ್ತು ಮಳೆ ಜೊತೆಯಾಗಿ ನಡೆಯಬೇಕಾಗಿಲ್ಲ. ಹುಳು ಮೇಯುವ ತಿಂಗಳುಗಳಲ್ಲಿ ಮಾತ್ರ ತಂಪಿನ ಹಿಂದೆ ಬರ ಬಂದರೆ ಸಾಕು. ನಮ್ಮ ಮೂರು ಜಿಲ್ಲೆಗಳಲ್ಲೂ ಸ್ವಾಭಾವಿಕವಾಗಿ ಹಾಗೆಯೇ ಇದೆ. ನಮಗೆ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರಿನ ಸುಮಾರಿಗೆ, ಮಸಾರಿ ನೆಲದ ಹುಲ್ಲು, ಗುಡ್ಡದ ಬುಡದ ಹುಲ್ಲು ಹಸಿರಾಗಿರುವುದು ಆಗ. ದೀಪಾವಳಿಯ ಹೊತ್ತಿಗೆ ಚಳಿ ಬೀಳುತ್ತದೆ, ಹಿಂದೆಯೇ ಒಣಗಾಲ. ಏಪ್ರಿಲ್‌ನ ಬಿಸಿಲು ಎಷ್ಟೇ ಇದ್ದರೂ ಅದನ್ನು ಅನುಭವಿಸಲು ಹುಲ್ಲಿನ ಮೇಲೆ ಹುಳು ಇರುವುದಿಲ್ಲ.

ಶಾಖವೊಂದನ್ನೇ ಹುಳು ನೆಚ್ಚಿಕೊಂಡಿಲ್ಲ ಎಂಬುದನ್ನೂ ಹೇಳಬೇಕು. ಬಲಿತು ಗಡುಸಾದ ಹುಲ್ಲು ತಿಂದು ಬೆಳವಣಿಗೆ ನಿಧಾನವಾದ ಹುಳುಗಳಲ್ಲಿ, ಶಾಖ ಅಷ್ಟೇ ಇದ್ದರೂ, ಚುಕ್ಕೆಗಳು ಸಣ್ಣವಾಗುತ್ತವೆ. ಆಫ್ರಿಕಾದ ಎಲ್ಲ ಕಡೆ ಹವೆ ಮಲಾವಿಯಂತಿಲ್ಲವಾದ್ದರಿಂದ ಈ ಎರಡನೆಯ ಗುರುತು ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲೂ ಇದರ ದಾಯಾದಿಗಳಿವೆ. ಮೈಕಲೇಸಿಸ್ ಎಂಬ ಕುಲದ ಕಂದು ಚಿಟ್ಟೆಗಳು ಬೈಸೈಕ್ಲಸ್‌ಗೆ ಹತ್ತಿರದ ಸಂಬಂಧಿಗಳು, ಅವುಗಳಲ್ಲೂ ಎರಡು ಕಾಲದ ಎರಡು ವೇಷಗಳಿವೆ. ಅದಕ್ಕಿಂತ ಸುಲಭವಾಗಿ ಸಿಕ್ಕುವುದು ಮೆಲಾನಿಟಿಸ್ ಲೀಡಾ, ಮುಸ್ಸಂಜೆಗೆ ಮನೆಯ ದೀಪದ ಹತ್ತಿರ ಬರುವ ದೊಡ್ಡ ಕಂದು ಚಿಟ್ಟೆ. 1758ರಲ್ಲೇ ಲಿನೇಯಸ್ ಹೆಸರಿಟ್ಟ ಈ ಚಿಟ್ಟೆ ಆಫ್ರಿಕಾದ ಸವನ್ನಾದಲ್ಲೂ ಇದೆ, ಗಂಗಾವತಿಯಲ್ಲೂ ಇದೆ, ಪೂರ್ವಕ್ಕೆ ಆಸ್ಟ್ರೇಲಿಯಾದವರೆಗೂ ಇದೆ. ಮಳೆಗಾಲದಲ್ಲಿ ಇದರ ರೆಕ್ಕೆಯಡಿಯಲ್ಲಿ ಕಣ್ಣುಚುಕ್ಕೆಗಳ ಸಾಲು, ಒಣಗಾಲದಲ್ಲಿ ಅಪ್ಪಟ ಒಣ ಎಲೆ. ಅದೂ ಒಂದರಂತೆ ಒಂದಿಲ್ಲ, ಪ್ರತಿಯೊಂದೂ ಬೇರೆ ಬೇರೆ ಕಂದು.

ಸಿಂಧನೂರು ಎಡದಂಡೆ

ಮೇಡಂ, ಮೆಲಾನಿಟಿಸ್ ಲೀಡಾ ನಮಗೆ ನೆಲ್ಲಿನ ಗದ್ದೆಯ ಪರಿಚಯ. ನಾನು ಕೃಷಿ ಓದಿ ಈಗ ಸ್ವಂತ ಹೊಲ ನೋಡಿಕೊಳ್ಳುತ್ತಿದ್ದೇನೆ. ಅದರ ಹುಳು ಹಸಿರು ಬಣ್ಣದ್ದು, ತಲೆಯ ಮೇಲೆ ಎರಡು ಕೊಂಬು, ಬಾಲದ ತುದಿಯಲ್ಲೂ ಎರಡು ಮೊನೆ. ಎಲೆಯ ಉದ್ದಕ್ಕೆ ಮಲಗಿದರೆ ಎಲೆಯ ನರದಂತೆಯೇ ಕಾಣುತ್ತದೆ. ಬೆಳೆಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ, ಅದಕ್ಕೆಂದೇ ಔಷಧಿ ಹೊಡೆಯುವುದು ವ್ಯರ್ಥ.

ನಿಮ್ಮ ಉತ್ತರದಲ್ಲಿ ಸ್ವಾಭಾವಿಕವಾಗಿ ಎಂಬ ಮಾತು ಇದೆಯಲ್ಲ, ನನ್ನ ಸಂದೇಹ ಅಲ್ಲಿಯೇ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ವರ್ಷ ನಮ್ಮಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಎರಡನೇ ಬೆಳೆಯ ನೆಲ್ಲು ಗದ್ದೆಯಲ್ಲಿರುತ್ತದೆ. ಆನೆಗೊಂದಿ ಕಡೆಯಂತೂ ವಿಜಯನಗರದ ಕಾಲದ ಕಾಲುವೆಗಳಿಂದ ಹಸಿರು ಆರುವುದೇ ಅಪರೂಪ. ಅಂದರೆ ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ ಹುಳುವಿಗೆ ಮೇಯಲು ಎಳೆಯ ಹಸಿರು ಇದೆ, ಶಾಖವೂ ಇದೆ. ಆ ಹುಳು ಮಳೆಗಾಲದ ವೇಷವನ್ನೇ ಆರಿಸಿಕೊಳ್ಳಬೇಕಲ್ಲವೇ? ಗದ್ದೆಯ ಬದು ದಾಟಿದರೆ ಎಲ್ಲವೂ ಒಣಗಿ ನಿಂತಿರುತ್ತದೆ.

ಬಳ್ಳಾರಿ ಸಂಶೋಧಕಿ

ಇದು ಒಳ್ಳೆಯ ತರ್ಕ, ಮತ್ತು ಶಾಲೆಯ ಮಕ್ಕಳೇ ಪರೀಕ್ಷಿಸಬಹುದಾದಷ್ಟು ಸರಳ. ಬೈಸೈಕ್ಲಸ್‌ನ ಲೆಕ್ಕವೇ ಮೆಲಾನಿಟಿಸ್‌ಗೂ ಹೊಂದಿದರೆ, ಏಪ್ರಿಲ್‌ನಲ್ಲಿ ಗದ್ದೆಯ ಮಗ್ಗುಲಲ್ಲಿ ಚುಕ್ಕೆಯುಳ್ಳ ಹೊಸ ಚಿಟ್ಟೆಗಳೂ, ನೀರಾವರಿಯಿಲ್ಲದ ಗುಡ್ಡದ ಬುಡದಲ್ಲಿ ರೆಕ್ಕೆಯ ಅಂಚು ಸವೆದ, ಚುಕ್ಕೆಯಿಲ್ಲದ ಹಳೆಯ ಚಿಟ್ಟೆಗಳೂ ಸಿಗಬೇಕು. ಹೊಸತು, ಹಳತು ಎಂಬುದನ್ನು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ. ಹಳೆಯ ಚಿಟ್ಟೆಯ ವೇಷ ಅದು ಹುಳುವಾಗಿದ್ದ ತಿಂಗಳನ್ನು ಹೇಳುತ್ತದೆಯೇ ಹೊರತು ನೀವು ಹಿಡಿದ ತಿಂಗಳನ್ನಲ್ಲ.

ವಿಧಾನ ಹೀಗಿರಲಿ. ಕಳಿತ ಬಾಳೆಹಣ್ಣನ್ನು ಸ್ವಲ್ಪ ಬೆಲ್ಲದೊಡನೆ ಕಿವುಚಿ, ಮುಚ್ಚಿಟ್ಟು ಹುಳಿ ಬರಿಸಿ, ಸಂಜೆ ಮರದ ಬುಡದಲ್ಲಿ ತಟ್ಟೆಯಲ್ಲಿಡಿ. ಒಂದು ತಟ್ಟೆ ಗದ್ದೆಯ ಹತ್ತಿರ, ಇನ್ನೊಂದು ಕಾಲುವೆಯಿಂದ ದೂರದ ಕುರುಚಲು ಕಾಡಿನಲ್ಲಿ. ಕತ್ತಲಾಗುವ ಹೊತ್ತಿಗೆ ರೆಕ್ಕೆ ಮಡಚಿ ಕೂತ ಚಿಟ್ಟೆಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕು, ಕೊಲ್ಲುವುದು ಬೇಡ. ಗುಡ್ಡದ ಕಡೆ ಕರಡಿ ಓಡಾಡುವ ಜಾಗವಾದ್ದರಿಂದ ಮಕ್ಕಳು ಕತ್ತಲಾಗುವ ಮುಂಚೆಯೇ ಹಿಂತಿರುಗಲಿ, ಆ ತಟ್ಟೆಯನ್ನು ಹಿರಿಯರೇ ನೋಡಿಕೊಳ್ಳಲಿ.

ಆನೆಗೊಂದಿ ಮೇಷ್ಟ್ರು

ಆಗಲಿ ಮೇಡಂ. ಗದ್ದೆಯ ಬದಿಯ ತಟ್ಟೆಯನ್ನು ಮಕ್ಕಳಿಗೆ ಒಪ್ಪಿಸುತ್ತೇನೆ, ಗುಡ್ಡದ ಬುಡದ್ದನ್ನು ನಾನು ಮತ್ತು ನಮ್ಮ ದೈಹಿಕ ಶಿಕ್ಷಕರು ನೋಡಿಕೊಳ್ಳುತ್ತೇವೆ. ಸಿಂಧನೂರಿನವರು ತಮ್ಮ ಗದ್ದೆಯಲ್ಲೂ ಒಂದು ತಟ್ಟೆ ಇಟ್ಟರೆ ಎರಡು ತಾಲ್ಲೂಕುಗಳ ಫೋಟೊಗಳನ್ನು ಒಂದೆಡೆ ಹೋಲಿಸಿ ನೋಡಬಹುದು.

ಸಿಂಧನೂರು ಎಡದಂಡೆ

ಖಂಡಿತ ಇಡುತ್ತೇನೆ ಸರ್. ಈ ಸಲ ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯ ಮೇಲೆ ನಿಂತಿದೆ. ಬಿಡದಿದ್ದರೆ ಬೋರ್‌ವೆಲ್ ನೀರಿನ ಗದ್ದೆ ಇರುವ ನಮ್ಮ ಕಾಕಾ ಅವರ ಹೊಲದಲ್ಲಿ ಇಡುತ್ತೇನೆ.